ಯೇತಿಯನ್ನು ಹುಡುಕಿ ಹೊರಟ ಮನೆಮಂದಿ: ಬೇಸಗೆ ರಜೆಯಲ್ಲಿ ಅನಿಮೇಷನ್ ಕಿರುಚಿತ್ರ ಮಾಡುವ ಬಗೆ

ಕಾಸರಗೋಡು ಜಿಲ್ಲೆಯ ಶಾಲೆಗಳಿಗೆ ಏಪ್ರಿಲ್ ಮತ್ತು ಮೇ ತಿಂಗಳು ಬೇಸಗೆ ರಜೆ. ಅಜ್ಜನ ಮನೆಗೆ ಬಂದ ಮೊಮ್ಮಕ್ಕಳೂ ನೆರೆಕರೆಯ ಮಕ್ಕಳೂ ಸೇರಿದರೆ ಒಂದು ಚಿತ್ರತಂಡಕ್ಕೆ ಬೇಕಾದಷ್ಟು ಕೈಗಳು ಮನೆಯಲ್ಲೇ ಸಿಗುತ್ತವೆ. ಹಿಮಾಲಯದ ದಂತಕಥೆಯ ಪ್ರಾಣಿಯಾದ ಯೇತಿಯನ್ನು ಹುಡುಕಿಕೊಂಡು ಇಲ್ಲಿನ ಒಂದು ಕುಟುಂಬ ಹೊರಡುವ ಕಥೆಯನ್ನು, ಗೊಂಬೆಗಳನ್ನು ಇಷ್ಟಿಷ್ಟೇ ಸರಿಸಿ ಒಂದೊಂದೇ ಫೋಟೊ ತೆಗೆದು ಜೋಡಿಸುವ ಸ್ಟಾಪ್ ಮೋಷನ್ ಕ್ರಮದಲ್ಲಿ, ಒಂದು ಮೊಬೈಲ್ ಫೋನ್ ಮತ್ತು ಅಡಿಕೆ ತೋಟದ ಮನೆಗಳಲ್ಲಿ ಸುಲಭವಾಗಿ ದೊರೆಯುವ ಸಾಮಗ್ರಿಗಳಿಂದಲೇ ಚಿತ್ರವಾಗಿಸುವುದು ಹೇಗೆಂಬುದನ್ನು ಮುಂದೆ ವಿವರಿಸಿದ್ದೇನೆ. ಮಕ್ಕಳು ಮೊದಲ ದಿನವೇ ಯೇತಿಯ ಗೊಂಬೆ ಮಾಡಲು ಕೂರುತ್ತಾರೆ. ಅದನ್ನು ತಡೆದು, ಯೇತಿಯ ಹೆಜ್ಜೆಗುರುತಿನಿಂದ ಕೆಲಸ ಆರಂಭಿಸಬೇಕೆಂಬುದು ನನ್ನ ಸಲಹೆ. ಹುಡುಕಾಟದ ಚಿತ್ರ ನಿಲ್ಲುವುದು ಪ್ರಾಣಿಯ ಮೇಲಲ್ಲ, ಅದು ಬಿಟ್ಟುಹೋದ ಗುರುತುಗಳ ಮೇಲೆ.

ಕಥೆಗೆ ಮೊದಲು ತಿಳಿದಿರಬೇಕಾದದ್ದು

ಯೇತಿ ನೇಪಾಳದ ಹಿಮಾಲಯದಲ್ಲಿ ನೆಲೆಸಿರುವ ಶೆರ್ಪಾ ಜನರ ಕಥೆಗಳ ಪ್ರಾಣಿ. ಅದನ್ನು ತಂದು ನಮ್ಮ ಜಿಲ್ಲೆಯ ಬೆಟ್ಟಗಳಾದ ರಾಣಿಪುರಂನಲ್ಲೋ ಪೊಸಡಿಗುಂಪೆಯಲ್ಲೋ ಕೂರಿಸುವುದು ಬೇಡ. ನಮ್ಮ ಮನೆಮಂದಿಯೇ ಅಲ್ಲಿಗೆ ಹೋಗಲಿ. ಕಥೆ ಹೆಣೆಯುವ ಮುಂಚೆ ದೊಡ್ಡವರು ಮಕ್ಕಳೊಂದಿಗೆ ಕುಳಿತು ಕೆಲವು ಸಂಗತಿಗಳನ್ನು ಮಾತನಾಡಿಕೊಂಡರೆ ಚಿತ್ರಕ್ಕೆ ಬೇಕಾದ ದೃಶ್ಯಗಳು ಅಲ್ಲಿಂದಲೇ ಹುಟ್ಟುತ್ತವೆ. 1921ರಲ್ಲಿ ಎವರೆಸ್ಟ್ ದಾರಿಯನ್ನು ಪರಿಶೀಲಿಸಲು ಹೋದ ಬ್ರಿಟಿಷ್ ತಂಡದ ನಾಯಕ ಚಾರ್ಲ್ಸ್ ಹೋವರ್ಡ್-ಬರಿ ಎತ್ತರದ ಹಿಮದಲ್ಲಿ ಹೆಜ್ಜೆಗುರುತುಗಳನ್ನು ಕಂಡು ಅವು ತೋಳದ್ದಿರಬಹುದೆಂದು ಎಣಿಸಿದರೆ, ಜೊತೆಗಿದ್ದ ಹೊರೆಯಾಳುಗಳು ಹಿಮದಲ್ಲಿ ತಿರುಗುವ ಕಾಡುಮನುಷ್ಯನದ್ದೆಂದರು. 1951ರಲ್ಲಿ ಬ್ರಿಟಿಷ್ ಪರ್ವತಾರೋಹಿ ಎರಿಕ್ ಶಿಪ್ಟನ್ ಎವರೆಸ್ಟ್ ಸೀಮೆಯ ಮೆನ್ಲುಂಗ್ ಹಿಮನದಿಯಲ್ಲಿ ಒಂದು ಗುರುತಿನ ಪಕ್ಕದಲ್ಲಿ ಹಿಮಗೊಡಲಿಯನ್ನಿಟ್ಟು ತೆಗೆದ ಫೋಟೊ ಜಗತ್ತನ್ನೆಲ್ಲ ಸುತ್ತಿತು. 1960ರಲ್ಲಿ ಎಡ್ಮಂಡ್ ಹಿಲರಿಯ ತಂಡ ನೇಪಾಳದ ಖುಮ್‌ಜುಂಗ್ ಗ್ರಾಮದ ಗೊಂಪಾದಲ್ಲಿ (ಬೌದ್ಧ ಮಠದಲ್ಲಿ) ಯೇತಿಯದೆಂದು ಕಾಪಾಡಿಕೊಂಡು ಬಂದಿದ್ದ ನೆತ್ತಿಯ ಚರ್ಮವನ್ನು ಪರೀಕ್ಷೆಗೆ ಒಯ್ದಾಗ, ಅದನ್ನು ಮೇಕೆಯ ಬಳಗಕ್ಕೆ ಸೇರಿದ ಸೆರೋ ಎಂಬ ಬೆಟ್ಟದ ಪ್ರಾಣಿಯ ತೊಗಲಿನಿಂದ ರೂಪಿಸಲಾಗಿದೆಯೆಂದು ತಜ್ಞರು ತೀರ್ಮಾನಿಸಿದರು. 2017ರಲ್ಲಿ ಯೇತಿಯದೆನ್ನಲಾದ ಒಂಬತ್ತು ಮಾದರಿಗಳ ಡಿಎನ್‌ಎ ಪರೀಕ್ಷಿಸಿದಾಗ ಎಂಟು ಕರಡಿಯವೂ ಒಂದು ನಾಯಿಯದೂ ಆಗಿದ್ದವು. ಅಷ್ಟಾದರೂ 2019ರ ಏಪ್ರಿಲ್‌ನಲ್ಲಿ ಭಾರತೀಯ ಸೇನೆಯೇ ನೇಪಾಳದ ಮಕಾಲು ಪರ್ವತದ ಬೇಸ್ ಕ್ಯಾಂಪ್ ಬಳಿ 32 ಇಂಚು ಉದ್ದ, 15 ಇಂಚು ಅಗಲದ ಗುರುತುಗಳನ್ನು ಕಂಡದ್ದಾಗಿ ಟ್ವೀಟ್ ಮಾಡಿತ್ತು.

ಈ ಎಲ್ಲ ಸಂಗತಿಗಳಲ್ಲಿ ಚಿತ್ರಕ್ಕೆ ಅತ್ಯಂತ ಉಪಯುಕ್ತವಾದದ್ದು ಹಿಮದ ಸ್ವಭಾವ. ಹಿಮದಲ್ಲಿ ಮೂಡಿದ ಗುರುತು ಬಿಸಿಲು ತಾಗಿದಂತೆ ಅಂಚಿನಿಂದ ಕರಗಿ ಅಗಲವಾಗುತ್ತದೆ. ಕರಡಿಯ ಹಿಂಗಾಲು ಮುಂಗಾಲಿನ ಗುರುತಿನ ಮೇಲೆ ಅರ್ಧ ಬಿದ್ದಾಗ ಎರಡೂ ಕೂಡಿ ಒಂದು ಉದ್ದನೆಯ ಪಾದದಂತೆ ಕಾಣುವುದೂ ಉಂಟು. ಬೆಳಗ್ಗೆ ಚಿಕ್ಕದಾಗಿದ್ದ ಗುರುತು ಮಧ್ಯಾಹ್ನದ ಹೊತ್ತಿಗೆ ರಾಕ್ಷಸನ ಪಾದವಾಗುವ ಈ ಬದಲಾವಣೆಯನ್ನು ಒಂದೊಂದೇ ಫೋಟೊ ಜೋಡಿಸುವ ಚಿತ್ರದಲ್ಲಿ ತೋರಿಸಿದಷ್ಟು ಚೆನ್ನಾಗಿ ಬೇರೆಲ್ಲೂ ತೋರಿಸಲಾಗದು. ಆದ್ದರಿಂದ ಕಥೆಯ ತಿರುವನ್ನು ಇಲ್ಲಿಯೇ ಇಟ್ಟುಕೊಳ್ಳಿ.

ಕಥೆ ಮತ್ತು ಲೆಕ್ಕ

ಪಾತ್ರಗಳು ನಾಲ್ಕು ಸಾಕು: ತಲೆಗೆ ಅಡಿಕೆ ಹಾಳೆಯ ಟೊಪ್ಪಿ ಇಟ್ಟುಕೊಂಡ ಅಜ್ಜ, ಅಮ್ಮ, ಹತ್ತು ವರ್ಷದ ಮೊಮ್ಮಗಳು ಮತ್ತು ಎವರೆಸ್ಟ್ ತಪ್ಪಲಿನ ಖುಂಬು ಪ್ರದೇಶದಲ್ಲಿ ದಾರಿ ತೋರುವ ಶೆರ್ಪಾ ಮಹಿಳೆ. ಶೆರ್ಪಾ ಪಾತ್ರವನ್ನು ಬರಿಯ ಹೊರೆ ಹೊರುವವಳನ್ನಾಗಿ ಮಾಡಬೇಡಿ. ಬೆಟ್ಟದ ವಿಷಯದಲ್ಲಿ ಅವಳಿಗೆ ಗೊತ್ತಿರುವುದು ಉಳಿದ ಮೂವರಿಗೆ ಗೊತ್ತಿಲ್ಲವೆಂಬುದು ಕಥೆಯಲ್ಲಿ ಕಾಣಬೇಕು.

ಸ್ಟಾಪ್ ಮೋಷನ್‌ನಲ್ಲಿ ಸೆಕೆಂಡಿಗೆ 12 ಫೋಟೊಗಳೆಂದು ಎಣಿಸಿದರೆ ಒಂದೂವರೆ ನಿಮಿಷದ ಚಿತ್ರಕ್ಕೆ 1,080 ಫೋಟೊಗಳು ಬೇಕಾಗುತ್ತವೆ. ಕೇಳಿದ ಕೂಡಲೇ ದೊಡ್ಡವರಿಗೇ ದಿಗಿಲಾಗುವ ಸಂಖ್ಯೆ ಇದು. ಆದರೆ ಪಾತ್ರಗಳು ಸುಮ್ಮನೆ ನೋಡುತ್ತ ನಿಂತಿರುವ ದೃಶ್ಯಗಳಲ್ಲಿ ಒಂದೇ ಫೋಟೊವನ್ನು ಆ್ಯಪ್‌ನಲ್ಲಿ ನಕಲು ಮಾಡಿ ಒಂದೆರಡು ಸೆಕೆಂಡು ನಿಲ್ಲಿಸಬಹುದು. ದೂರದ ಪ್ರಯಾಣದಂಥ ಭಾಗವನ್ನು ಕಾಗದದ ಚಿತ್ರದಲ್ಲಿ ಮುಗಿಸಿದರೆ ಶ್ರಮ ಇನ್ನೂ ಕಡಿಮೆಯಾಗುತ್ತದೆ. ಒಂದೂವರೆ ನಿಮಿಷಕ್ಕಿಂತ ಉದ್ದದ ಚಿತ್ರವನ್ನು ಮೊದಲ ಸಲ ಕೈಗೆತ್ತಿಕೊಳ್ಳುವ ಮನೆಗಳಲ್ಲಿ ವಿಷು ಕಳೆಯುವಷ್ಟರಲ್ಲಿ ಮಕ್ಕಳ ಉತ್ಸಾಹ ಇಳಿದುಹೋಗಿರುತ್ತದೆ.

ಗಾತ್ರದ ಲೆಕ್ಕವನ್ನೂ ಈಗಲೇ ನಿಶ್ಚಯಿಸಿ. ನಿಜದ ಹತ್ತನೆಯ ಒಂದು ಭಾಗ ಎಂಬ ಅಳತೆ ಮಕ್ಕಳಿಗೆ ಅರ್ಥವಾಗುತ್ತದೆ. ಅಜ್ಜ ಹದಿನಾರು ಸೆಂಟಿಮೀಟರ್, ಮೊಮ್ಮಗಳು ಹದಿಮೂರು, ಟೊಪ್ಪಿ ಎರಡು ಸೆಂಟಿಮೀಟರ್ ಅಗಲ. ಸೇನೆ ಹೇಳಿದ 32 ಇಂಚಿನ ಗುರುತು ಈ ಅಳತೆಯಲ್ಲಿ ಸುಮಾರು ಎಂಟು ಸೆಂಟಿಮೀಟರ್ ಆಗುತ್ತದೆ. ಅದೇ ನಮ್ಮ ಗುರುತಿನ ಕೊನೆಯ ಗಾತ್ರವಾಗಲಿ.

ಬೆಟ್ಟ, ಹಿಮ, ಗೊಂಬೆ

ಬೆಟ್ಟಕ್ಕೆ ಮುದ್ದೆ ಮಾಡಿದ ಹಳೆಯ ವಾರ್ತಾಪತ್ರಿಕೆಗಳನ್ನು ರಟ್ಟಿನ ಮೇಲೆ ಪೇರಿಸಿ, ಮೈದಾ ಅಂಟಿನಲ್ಲಿ ಅದ್ದಿದ ಕಾಗದದ ಪಟ್ಟಿಗಳನ್ನು ಮೇಲಿನಿಂದ ಅಂಟಿಸಿ ಎರಡು ದಿನ ಅಂಗಳದ ಬಿಸಿಲಿನಲ್ಲಿ ಒಣಗಿಸಿದರೆ ಸಾಕು. ಹುಳ ಹಿಡಿಯದಿರಲೆಂದು ಅಂಟಿಗೆ ಮೈಲುತುತ್ತು ಬೆರೆಸುವವರಿದ್ದಾರೆ. ತೋಟಕ್ಕೆ ಮದ್ದು ಬಿಡಲೆಂದು ತಂದದ್ದು ಮನೆಯಲ್ಲಿ ಹೇಗೂ ಇರುತ್ತದಾದರೂ, ಅದು ವಿಷವಾದ್ದರಿಂದ ಮಕ್ಕಳ ಕೈ ಸೇರುವ ಅಂಟಿಗೆ ಅದನ್ನು ಹಾಕಲೇಬಾರದು. ಬಂಡೆಗಳಿಗೆ ಇದ್ದಿಲ ಪುಡಿಯ ಬೂದುಬಣ್ಣ ಒಪ್ಪುತ್ತದೆ. ನಮ್ಮ ಮುರಕಲ್ಲಿನ ಕೆಂಪು ಕಣ್ಣಿಗೆ ರೂಢಿಯಾದ ಮಕ್ಕಳು ಬೆಟ್ಟವನ್ನೂ ಕೆಂಪಾಗಿಸಲು ಹೊರಡುವುದರಿಂದ ಆ ಬಣ್ಣವನ್ನು ಕಥೆಯ ಆರಂಭದ ಮನೆಯಂಗಳದ ದೃಶ್ಯಕ್ಕೆ ಮೀಸಲಿಡಿ. ಹಿಂದಿನ ಸಾಲು ಬೆಟ್ಟಗಳನ್ನು ನೀಲಿ ಕಾಗದದಲ್ಲಿ ಕತ್ತರಿಸಿ ನಿಲ್ಲಿಸಬೇಕು. ದೂರ ಹೋದಂತೆ ಬಣ್ಣ ತಿಳಿಯಾಗುತ್ತ ಹೋದರೆ ಒಂದು ಮೇಜಿನ ಮೇಲೆಯೇ ಹತ್ತಾರು ಮೈಲಿಗಳ ಆಳ ಕಾಣುತ್ತದೆ.

ಹಿಮಕ್ಕೆ ಹತ್ತಿ ಅಥವಾ ಉಪ್ಪನ್ನು ಬಳಸುವುದು ರೂಢಿ. ಹತ್ತಿಯಲ್ಲಿ ಗುರುತು ಮೂಡುವುದಿಲ್ಲ. ಉಪ್ಪು ಹೊಳೆಯುತ್ತದೆ ನಿಜ, ಆದರೆ ನಮ್ಮ ಕರಾವಳಿಯ ಗಾಳಿಗೆ ಅದು ತೇವ ಹೀರಿಕೊಂಡು ಅರ್ಧ ದಿನದಲ್ಲಿ ಗಂಟುಕಟ್ಟುತ್ತದೆ. ಅಕ್ಕಿಹಿಟ್ಟೇ ಎಲ್ಲಕ್ಕಿಂತ ಉತ್ತಮ: ಒಣಗಿದ, ಜರಡಿ ಹಿಡಿದ ಹಿಟ್ಟನ್ನು ಒತ್ತಿದಾಗ ಅಂಚು ಕುಸಿಯದೆ ನಿಲ್ಲುತ್ತದೆ, ಕಡ್ಡಿಯಿಂದ ಕೆರೆದರೆ ಕೆರೆದಷ್ಟೇ ಉದುರುತ್ತದೆ. ಅರುವತ್ತು ಸೆಂಟಿಮೀಟರ್ ಉದ್ದ, ನಲ್ವತ್ತು ಸೆಂಟಿಮೀಟರ್ ಅಗಲದ ತಟ್ಟೆಯಲ್ಲಿ ಎರಡು ಸೆಂಟಿಮೀಟರ್ ದಪ್ಪಕ್ಕೆ ಹರಡಲು ಸುಮಾರು ಮೂರು ಕಿಲೋ ಹಿಟ್ಟು ಬೇಕು. ಅಷ್ಟನ್ನು ಅಡುಗೆಮನೆಯಿಂದ ಕೇಳುವುದು ಸರಿಯಲ್ಲವಾದ್ದರಿಂದ ಮುಗ್ಗಿದ ಅಕ್ಕಿಯನ್ನು ಮಿಲ್ಲಿನಲ್ಲಿ ಬೀಸಿಸಿ ತನ್ನಿ. ಮೇಜಿನ ನಾಲ್ಕು ಕಾಲುಗಳನ್ನೂ ನೀರು ತುಂಬಿದ ಗೆರಟೆಗಳಲ್ಲಿಡದಿದ್ದರೆ ಮರುದಿನ ಬೆಳಗ್ಗೆ ಹಿಮದ ಮೇಲೆ ಇರುವೆಗಳ ಸಾಲು ಖಂಡಿತ.

ಗೊಂಬೆಗಳ ಒಳಗೆ ಸುಲಭವಾಗಿ ಬಾಗುವ ಅಲ್ಯೂಮಿನಿಯಂ ತಂತಿಯನ್ನು ಎರಡೆಳೆ ಹೊಸೆದು ಹಾಕಿ, ಮೇಲೆ ಬಟ್ಟೆ ಸುತ್ತಿ, ತಲೆಯನ್ನಷ್ಟೇ ಪ್ಲಾಸ್ಟಿಸಿನ್ ಮಣ್ಣಿನಲ್ಲಿ ಮಾಡುವುದು ಸುಲಭ. ಏಪ್ರಿಲ್‌ನ ಸೆಖೆಗೆ ಆ ಮಣ್ಣು ಮೆತ್ತಗಾಗಿ ಮೂಗು ಜಾರುತ್ತದೆ. ಎರಡು ದೃಶ್ಯಗಳ ನಡುವೆ ತಲೆಗಳನ್ನು ಫ್ರಿಜ್ಜಿನಲ್ಲಿಟ್ಟರೆ ಗಟ್ಟಿಯಾಗುತ್ತವೆ. ಪಾದದ ಅಡಿಯಲ್ಲಿ ಸಣ್ಣ ಮೊಳೆ ಇರಲಿ, ಇಲ್ಲವಾದರೆ ಗೊಂಬೆ ಹಿಟ್ಟಿನಲ್ಲಿ ನಿಲ್ಲುವುದಿಲ್ಲ.

ಯೇತಿಯ ಮೈಗೆ ತೆಂಗಿನ ನಾರನ್ನು ಬಳಸಿ. ಬೂರುಗದ ಹತ್ತಿ ಈ ತಿಂಗಳುಗಳಲ್ಲಿ ಧಾರಾಳವಾಗಿ ಸಿಗುತ್ತದೆ ಮತ್ತು ಬೆಳ್ಳಗೆ ಚೆನ್ನಾಗಿಯೂ ಕಾಣುತ್ತದೆ. ಆದರೆ ಪ್ರತಿ ಸಲ ಕೈ ತಾಗಿದಾಗಲೂ ಅದರ ಎಳೆಗಳು ಅಲುಗಿ, ಚಿತ್ರದಲ್ಲಿ ಮೈಯೆಲ್ಲ ಗುಳುಗುಳು ಕುದಿಯುವಂತೆ ತೋರುತ್ತದೆ. ನಾರು ಬಿರುಸಾಗಿದ್ದು ಬಾಚಿದ ಹಾಗೆ ನಿಲ್ಲುತ್ತದೆ. ಮೇಲಾಗಿ ಶೆರ್ಪಾ ಜನರ ಹೇಳಿಕೆಗಳಲ್ಲಿ ಯೇತಿಯ ಕೂದಲು ಕೆಂಪು ಬೆರೆತ ಕಂದುಬಣ್ಣದ್ದು. ಬಿಳಿಯ ಯೇತಿ ಹೆಚ್ಚಾಗಿ ಕಾರ್ಟೂನುಗಳ ಮೂಲಕ ಮನೆಮಾತಾದದ್ದು. ನಾರಿಗೆ ಬಣ್ಣ ಹಚ್ಚುವ ಅಗತ್ಯವೇ ಇಲ್ಲ.

ಬೆಳಕು ಮತ್ತು ಫೋನ್

ಫೋನನ್ನು ಟ್ರೈಪಾಡಿಗೆ ಬಿಗಿದು, ಏರೋಪ್ಲೇನ್ ಮೋಡ್‌ಗೆ ಹಾಕಿ, ಚಾರ್ಜರ್ ವಯರನ್ನು ಆರಂಭದಲ್ಲೇ ಸಿಕ್ಕಿಸಿಡಿ. ನಡುವೆ ಸಿಕ್ಕಿಸಲು ಹೋದರೆ ಚೌಕಟ್ಟು ಜರುಗುತ್ತದೆ. ಫೋಟೊ ತೆಗೆಯಲು ಪರದೆಯನ್ನು ಮುಟ್ಟದೆ ವಯರಿನ ಇಯರ್‌ಫೋನಿನ ಧ್ವನಿ ಗುಂಡಿಯನ್ನು ಒತ್ತಿದರೆ ಹಲವು ಫೋನುಗಳಲ್ಲಿ ಕೆಲಸವಾಗುತ್ತದೆ. ಸ್ಟಾಪ್ ಮೋಷನ್ ಸ್ಟುಡಿಯೋದಂಥ ಆ್ಯಪ್‌ಗಳಲ್ಲಿ ಹಿಂದಿನ ಫೋಟೊ ಮಸುಕಾಗಿ ಕಾಣುವುದರಿಂದ ಗೊಂಬೆಯನ್ನು ಎಷ್ಟು ಸರಿಸಿದೆವೆಂದು ತಿಳಿಯುತ್ತದೆ. ಫೋಕಸ್ ಮತ್ತು ಬೆಳಕಿನ ಮಟ್ಟವನ್ನು ಕಡ್ಡಾಯವಾಗಿ ಲಾಕ್ ಮಾಡಬೇಕು.

ಹಗಲ ಬೆಳಕು ಮೋಡದೊಂದಿಗೆ ಬದಲಾಗುವುದರಿಂದ ರಾತ್ರಿಯ ಊಟದ ನಂತರ, ಕಿಟಕಿಗಳನ್ನು ಮುಚ್ಚಿ, ಎರಡು ಎಲ್‌ಇಡಿ ದೀಪಗಳ ಬೆಳಕಿನಲ್ಲಿ ಕೆಲಸ ಮಾಡುವುದು ಉತ್ತಮ. ಮೇ ತಿಂಗಳಲ್ಲಿ ಮೊದಲ ಮಳೆ ಬಿದ್ದ ಮೇಲಂತೂ ಕಿಟಕಿ ತೆರೆದಿದ್ದರೆ ಹಾತೆಗಳು ಹಿಮಾಲಯವನ್ನು ಮುತ್ತುತ್ತವೆ. ಫ್ಯಾನ್ ಹಾಕುವಂತಿಲ್ಲ. ಬಿಳಿ ಮುಂಡು, ಬಿಳಿ ಬನಿಯನ್ ತೊಟ್ಟವರು ಮೇಜಿನ ಹತ್ತಿರ ನಿಂತರೆ ಬಟ್ಟೆಯಿಂದ ಮರಳುವ ಬೆಳಕು ಹಿಟ್ಟಿನ ಮೇಲೆ ಬಿದ್ದು ಚಿತ್ರ ಮಿನುಗುವುದರಿಂದ, ಗೊಂಬೆ ಸರಿಸುವವರು ಕಪ್ಪು ಅಥವಾ ಕಡುನೀಲಿ ಬಟ್ಟೆ ತೊಡಲಿ.

ಹೆಜ್ಜೆಗುರುತು ಬೆಳೆಯುವ ದೃಶ್ಯ

ಈ ದೃಶ್ಯಕ್ಕೆ ನಾಲ್ಕು ಸೆಕೆಂಡು, ಅಂದರೆ 48 ಫೋಟೊಗಳನ್ನು ಮೀಸಲಿಡಿ. ಮರದ ಚೂರಿನಲ್ಲಿ ಕೆತ್ತಿದ ಮೂರೂಕಾಲು ಸೆಂಟಿಮೀಟರಿನ ಪಾದದಚ್ಚನ್ನು ಹಿಟ್ಟಿನ ಮೇಲೆ ನೇರವಾಗಿ ಒತ್ತಿ, ಅಲುಗಿಸದೆ ಮೇಲಕ್ಕೆತ್ತಿ. ಶಿಪ್ಟನ್ ಹಿಮಗೊಡಲಿಯನ್ನಿಟ್ಟ ಜಾಗದಲ್ಲಿ ನಮ್ಮ ಮೊಮ್ಮಗಳು ಅಜ್ಜನ ಟೊಪ್ಪಿಯನ್ನು ಇಡಲಿ. ಮಾತು ಎರಡೇ ಸಾಕು: “ಅಜ್ಜ, ನಿಮ್ಮ ಟೊಪ್ಪಿ ಒಮ್ಮೆ ಕೊಡಿ” ಎಂದು ಅವಳು ಕೇಳುತ್ತಾಳೆ, “ತಲೆಗೆ ಹಿಮ ಬೀಳ್ತದಲ್ಲ ಮಗಾ” ಎನ್ನುತ್ತಲೇ ಅಜ್ಜ ಕೊಡುತ್ತಾರೆ. ಟೊಪ್ಪಿಯನ್ನು ಒಳಗಿನಿಂದ ಒಂದು ಮೊಳೆ ಚುಚ್ಚಿ ತಟ್ಟೆಗೆ ಭದ್ರಪಡಿಸಿ. ಈ ದೃಶ್ಯದುದ್ದಕ್ಕೂ ಅದು ಕೂದಲೆಳೆಯಷ್ಟೂ ಕದಲಬಾರದು.

ಇನ್ನು ಪ್ರತಿ ಫೋಟೊ ಆದ ಮೇಲೆ ಗುರುತಿನ ಅಂಚನ್ನು ಹಲ್ಲು ಚುಚ್ಚುವ ಕಡ್ಡಿಯ ತುದಿಯಿಂದ ಸುತ್ತಲೂ ಸ್ವಲ್ಪ ಸ್ವಲ್ಪವೇ ಕೆರೆಯಬೇಕು. ಉದ್ದ ಮೂರೂಕಾಲರಿಂದ ಎಂಟು ಸೆಂಟಿಮೀಟರಿಗೆ ಏರಬೇಕಾದ್ದರಿಂದ ಒಂದೊಂದು ಸಲಕ್ಕೆ ಸರಾಸರಿ ಒಂದು ಮಿಲಿಮೀಟರ್ ಬೆಳೆದರೆ ಸಾಕು. ಆದರೆ ಎಲ್ಲ ಫೋಟೊಗಳಲ್ಲೂ ಒಂದೇ ಸಮನೆ ಬೆಳೆಸಬೇಡಿ. ಮೊದಲ ಹತ್ತು ಫೋಟೊಗಳಲ್ಲಿ ಅರ್ಧ ಮಿಲಿಮೀಟರಿಗಿಂತ ಕಡಿಮೆ, ನಡುವೆ ಒಂದೂವರೆ, ಕೊನೆಗೆ ಮತ್ತೆ ನಿಧಾನ ಎಂದು ಮಾಡಿದರೆ ಯಂತ್ರದ ಚಲನೆ ಹೋಗಿ ಕರಗುವಿಕೆಯ ಭಾವ ಬರುತ್ತದೆ. ಬೆರಳುಗಳ ಆಕಾರವೂ ಸ್ಪಷ್ಟವಾಗಿ ಉಳಿಯದೆ ಒಂದಕ್ಕೊಂದು ಕೂಡಿಕೊಳ್ಳುತ್ತ ಹೋಗಬೇಕು. ಉದುರಿದ ಹಿಟ್ಟನ್ನು ಊದಲು ಹೋಗದೆ ಮೃದುವಾದ ಬಣ್ಣದ ಕುಂಚದಿಂದ ಎತ್ತಿ ತೆಗೆಯಿರಿ. ಇದರ ಜೊತೆಗೆ ಒಂದು ದೀಪವನ್ನು ಪ್ರತಿ ಫೋಟೊಗೂ ಒಂದಿಷ್ಟು ಮೇಲಕ್ಕೇರಿಸುತ್ತ ಬಂದರೆ ಟೊಪ್ಪಿಯ ನೆರಳು ಉದ್ದದಿಂದ ಗಿಡ್ಡವಾಗಿ, ಬೆಳಗಿನಿಂದ ಮಧ್ಯಾಹ್ನವಾಯಿತೆಂದು ಯಾರೂ ಹೇಳದೆಯೇ ತಿಳಿಯುತ್ತದೆ. ದೀಪ ಏರಿಸಲು ಒಬ್ಬರು, ಕೆರೆಯಲು ಒಬ್ಬರು, ಗುಂಡಿ ಒತ್ತಲು ಒಬ್ಬರು, ಲೆಕ್ಕ ಬರೆಯಲು ಒಬ್ಬರು ಎಂದು ಹಂಚಿಕೊಂಡರೆ ಮನೆಯ ಅತಿ ಚಿಕ್ಕ ಮಗುವಿಗೂ ಕೆಲಸವಿರುತ್ತದೆ. ಲೆಕ್ಕ ಬರೆಯುವ ಕೆಲಸವನ್ನು ಮಾತ್ರ ಚಂಚಲರಿಗೆ ಕೊಡಬೇಡಿ.

ನಡಿಗೆಗೂ ಇದೇ ನಿಧಾನ-ವೇಗ-ನಿಧಾನದ ಕ್ರಮ ಅನ್ವಯಿಸುತ್ತದೆ. ಸಮತಟ್ಟಿನಲ್ಲಿ ಒಂದು ಹೆಜ್ಜೆಗೆ ಆರು ಫೋಟೊ ಸಾಕಾದರೆ, ಹಿಮದ ಏರಿನಲ್ಲಿ ಹತ್ತರಿಂದ ಹನ್ನೆರಡು ಬೇಕು. ಕಾಲು ಹೂತು, ಮೈ ಮುಂದಕ್ಕೆ ವಾಲಿ, ಆಮೇಲೆ ಕಾಲು ಕೀಳಬೇಕು.

ಊರಿನಿಂದ ಹಿಮಾಲಯದವರೆಗಿನ ಪ್ರಯಾಣವನ್ನು ಹೆಚ್ಚು ಬೆಳೆಸಬೇಕಾಗಿಲ್ಲ. ರಟ್ಟಿನಲ್ಲಿ ಕೊರೆದ ರೈಲು ಕಿಟಕಿಯ ಹಿಂದೆ ಉದ್ದನೆಯ ಕಾಗದದ ಸುರುಳಿಯನ್ನು ಎಳೆಯುತ್ತ ಹೋದರೆ ಕಾಸರಗೋಡಿನ ತೆಂಗಿನ ತೋಟ, ಕೊಂಕಣದ ಸುರಂಗಗಳ ಕತ್ತಲೆ, ಉತ್ತರದ ಗೋಧಿ ಹೊಲ ಎಲ್ಲವೂ ಎಂಟು ಸೆಕೆಂಡಿನಲ್ಲಿ ಹಾದುಹೋಗುತ್ತವೆ. ಸುರಂಗದ ಕಪ್ಪು ಬಂದಾಗ ಕಾಗದ ಬದಲಿಸಿಕೊಳ್ಳುವ ಅನುಕೂಲವೂ ಇದೆ.

ಯೇತಿಯ ಪ್ರವೇಶ

ತೆಂಕುತಿಟ್ಟಿನ ಯಕ್ಷಗಾನ ಆಟ ನೋಡಿ ಬೆಳೆದವರಿಗೆ ಯೇತಿಯ ಪ್ರವೇಶ ಮಾಡಿಸುವ ಬಗೆಯನ್ನು ಹೊರಗಿನಿಂದ ಕಲಿಯಬೇಕಾದ ಅಗತ್ಯವಿಲ್ಲ. ರಾಕ್ಷಸ ಪಾತ್ರದ ಬಣ್ಣದ ವೇಷ ರಂಗಕ್ಕೆ ಬರುವಾಗ ಒಮ್ಮೆಲೇ ಎದುರು ನಿಲ್ಲುವುದಿಲ್ಲ. ಇಬ್ಬರು ಹಿಡಿದ ತೆರೆಯ ಹಿಂದೆ ಚೆಂಡೆಯ ಪೆಟ್ಟಿಗೆ ಕುಣಿಯುತ್ತ, ಕಿರೀಟದ ತುದಿ, ತೆರೆಯನ್ನು ಹಿಡಿದ ಬೆರಳುಗಳು, ಮುಖದ ಒಂದು ತುಣುಕು ಎಂದು ಕಂತುಕಂತಾಗಿ ಕಾಣಿಸಿಕೊಂಡು, ನೋಡುವವರ ಸೈರಣೆ ಮುಗಿಯುವ ಹೊತ್ತಿಗೆ ತೆರೆ ಸರಿಯುತ್ತದೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯ ಮಕ್ಕಳು ತಮ್ಮ ಚಿತ್ರದಲ್ಲಿ ಈ ಕ್ರಮವನ್ನು ಬಳಸಿಕೊಳ್ಳುವುದು ಸಹಜವೇ ಆಗಿದೆ.

ತೆರೆಯ ಬದಲಿಗೆ ಇಲ್ಲಿ ಹಿಮದ ದಿಬ್ಬವಿರಲಿ. ದಿಬ್ಬದ ಮೇಲಂಚಿನಲ್ಲಿ ಮೊದಲು ನಾರಿನ ನೆತ್ತಿ ಎರಡು ಸೆಂಟಿಮೀಟರ್ ಏರಿ ಇಳಿಯಲಿ, ಬಳಿಕ ನಾಲ್ಕು ಬೆರಳುಗಳು ಅಂಚನ್ನು ಹಿಡಿದು ಅಲ್ಲಿಂದ ಹಿಟ್ಟು ಉದುರಲಿ, ಆಮೇಲೆ ಒಂದು ಕಣ್ಣು. ಹೀಗೆ ಮಾಡುವುದರಿಂದ ಇಡೀ ಗೊಂಬೆಯನ್ನು ನಡೆಸುವ ಕಷ್ಟವೂ ತಪ್ಪುತ್ತದೆ, ಸೊಂಟದಿಂದ ಮೇಲಿನ ಭಾಗವನ್ನಷ್ಟೇ ಮಾಡಿದರೂ ನಡೆಯುತ್ತದೆ. ಕಣ್ಣು ಮಿಟುಕಿಸಲು ನಾಲ್ಕು ಫೋಟೊ ಸಾಕು.

ಈ ಪ್ರವೇಶ ನಡೆಯುವಾಗ ಮನೆಮಂದಿ ಬೆನ್ನು ಹಾಕಿ ಇಳಿಜಾರಿನಲ್ಲಿ ಹೊರಟಿರಬೇಕೆಂಬುದು ನನ್ನ ಅಭಿಪ್ರಾಯ. ಗುರುತು ದೊಡ್ಡದಾದದ್ದು ಬಿಸಿಲಿನಿಂದ ಎಂಬುದನ್ನು ಮೊಮ್ಮಗಳು ಕಂಡುಕೊಂಡಿದ್ದಾಳೆ, ಅದು ಕರಡಿಯದೆಂದು ಶೆರ್ಪಾ ಮಹಿಳೆ ನಗುತ್ತ ಹೇಳಿಯೂ ಆಗಿದೆ. ವಿಜ್ಞಾನ ಹೇಳುವುದಕ್ಕೆ ಕಥೆ ಚ್ಯುತಿ ತಂದಿಲ್ಲ. ಆದರೆ ನಾರಿನ ನೆತ್ತಿಯನ್ನು ನೋಡುವವರು ಪ್ರೇಕ್ಷಕರು ಮಾತ್ರ. ಹಿಡಿದು ಪಂಜರಕ್ಕೆ ಹಾಕುವ, ಇಲ್ಲವೇ ಮನೆಗೆ ಕರೆತಂದು ನೀರುದೋಸೆ ತಿನ್ನಿಸುವ ಮುಕ್ತಾಯಗಳನ್ನೂ ಮಕ್ಕಳು ಸೂಚಿಸುತ್ತಾರೆ. ಎರಡನೆಯದು ತಮಾಷೆಯಾಗಿದೆಯಾದರೂ ಅದಕ್ಕೆ ಇನ್ನೂ ಐನೂರು ಫೋಟೊಗಳು ಬೇಕೆಂದು ತಿಳಿಸಿದರೆ ಚರ್ಚೆ ತಾನಾಗಿ ಮುಗಿಯುತ್ತದೆ.

ಧ್ವನಿ ಮತ್ತು ಪ್ರದರ್ಶನ

ಮಾತುಗಳನ್ನು ಚಿತ್ರೀಕರಣಕ್ಕೆ ಮೊದಲೇ ಧ್ವನಿಮುದ್ರಿಸಿಕೊಂಡು ಅದರ ಉದ್ದಕ್ಕೆ ತಕ್ಕಂತೆ ಬಾಯಿ, ಕೈಗಳನ್ನು ಸರಿಸುವುದು ಕ್ರಮ. ಬರೆದದ್ದನ್ನು ಓದಿಸದೆ, ತುಳುವೋ ಹವ್ಯಕ ಕನ್ನಡವೋ ಮಲೆಯಾಳವೋ, ಮನೆಯಲ್ಲಿ ಆಡುವ ಮಾತಿನಲ್ಲೇ ಆಡಿಸಿದರೆ ಅಜ್ಜನ ಪಾತ್ರಕ್ಕೆ ನಿಜವಾದ ಅಜ್ಜನ ಧ್ವನಿ ಸಿಗುತ್ತದೆ. ಹಿಮದ ಮೇಲೆ ನಡೆಯುವ ಸದ್ದಿಗೆ ಕಾರ್ನ್‌ಫ್ಲೋರ್ ತುಂಬಿದ ಬಟ್ಟೆಯ ಚೀಲವನ್ನು ಮೈಕಿನ ಹತ್ತಿರ ಹಿಸುಕಬೇಕು. ಗಾಳಿಯ ಸದ್ದಿಗೂ ಏದುಸಿರಿಗೂ ಒಂದು ಸಂಜೆ ಪೊಸಡಿಗುಂಪೆ ಹತ್ತಿ ಬರಬಹುದು. ಸಾವಿರ ಅಡಿಗಿಂತ ತುಸು ಹೆಚ್ಚಿನ ಆ ಗುಡ್ಡ ಹಿಮಾಲಯದ ಮುಂದೆ ಏನೂ ಅಲ್ಲವಾದರೂ ಓಡಿ ಹತ್ತಿದ ಮಕ್ಕಳ ಉಸಿರಾಟಕ್ಕೆ ಅಷ್ಟು ಎತ್ತರ ಧಾರಾಳ. ಗವಿಯ ಮಾರ್ದನಿ ಬೇಕಾದರೆ ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ತೋಟದ ಸುರಂಗದ ಬಾಯಿಯಲ್ಲಿ ನಿಂತು ಕೂಗಿಸಿ, ಒಳಗೆ ಮಾತ್ರ ಮಕ್ಕಳನ್ನು ಬಿಡಬೇಡಿ. ಅಲ್ಲಿ ಮಣ್ಣು ಕುಸಿಯುವ ಮತ್ತು ಉಸಿರಾಡುವ ಗಾಳಿ ಸಾಲದಾಗುವ ಅಪಾಯವಿದೆ. ಯೇತಿಯ ಪ್ರವೇಶಕ್ಕೆ ಚೆಂಡೆ ಕಲಿಯುತ್ತಿರುವ ಮಕ್ಕಳು ನೆರೆಕರೆಯಲ್ಲಿ ಯಾರಾದರೂ ಇದ್ದೇ ಇರುತ್ತಾರೆ. ಸಿನಿಮಾ ಹಾಡುಗಳನ್ನು ಬಳಸಿದರೆ ಯೂಟ್ಯೂಬಿನಲ್ಲಿ ಹಕ್ಕುಸ್ವಾಮ್ಯದ ತಕರಾರು ಬರುತ್ತದೆ.

ಪ್ರದರ್ಶನವನ್ನು ಮಳೆಗಾಲ ಹಿಡಿಯುವ ಮೊದಲು, ಅಂಗಳದಲ್ಲಿ ಬಿಳಿ ಬೆಡ್‌ಶೀಟ್ ಕಟ್ಟಿ ಮಾಡಿ. ಪ್ರೊಜೆಕ್ಟರ್ ಊರಿನ ಗ್ರಂಥಾಲಯದಲ್ಲೋ ಕ್ಲಬ್ಬಿನಲ್ಲೋ ಸಿಗಬಹುದು, ಇಲ್ಲವಾದರೆ ಚಾವಡಿಯ ಟಿವಿಯೇ ಸಾಕು. ಯೂಟ್ಯೂಬಿಗೆ ಏರಿಸುವುದಾದರೆ ‘ಮಕ್ಕಳಿಗಾಗಿ ಮಾಡಿದ್ದು’ ಎಂಬ ಆಯ್ಕೆಯನ್ನು ಗುರುತಿಸಿ, ಆಗ ಕಮೆಂಟ್‌ಗಳು ತಾವಾಗಿ ಮುಚ್ಚಿರುತ್ತವೆ. ಕೊನೆಯ ಹೆಸರುಪಟ್ಟಿಯಲ್ಲಿ ಮಕ್ಕಳ ಮನೆಯ ಹೆಸರು, ಶಾಲೆಯ ಹೆಸರು ಬೇಡ. ಕರೆಯುವ ಹೆಸರಿನ ಮುಂದೆ ಅವರು ಮಾಡಿದ ಕೆಲಸವನ್ನು ಬರೆದರೆ ಸಾಕು, ಮತ್ತು ಆ ಪಟ್ಟಿಯಲ್ಲಿ ಮೂರು ಕಿಲೋ ಹಿಟ್ಟನ್ನು ಮಿಲ್ಲಿನಿಂದ ಹೊತ್ತು ತಂದವರನ್ನು ಬಿಟ್ಟುಬಿಡಬಾರದು.